ಮದುಮಗನನ್ನು ಜಿಂಕೆ ತಿಂದ ವರ್ಷ

ಮೊನ್ನೆ ಮೊಮ್ಮಗಳ ನಾಮಕರಣವಾಯಿತು. ಬಂದವರೆಲ್ಲ ಮಗುವನ್ನು ಕಣ್ತುಂಬ ನೋಡಿ, ಕೆನ್ನೆ ಹಿಂಡಿ, ಉಂಡು ಹೋದ ಮೇಲೆ ನನ್ನ ಹೆಂಡತಿ ಒಂದು ಹಿಡಿ ಕಲ್ಲುಪ್ಪು, ಮೂರು ಒಣಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆದಳು. ಮೆಣಸಿನಕಾಯಿ ಕೆಂಡಕ್ಕೆ ಬಿತ್ತು. ಘಾಟು ಮನೆಯೆಲ್ಲ ತುಂಬಿ ನಾನು ಲೆಕ್ಕವಿಲ್ಲದಷ್ಟು ಸೀನಿದೆ. ಉಪ್ಪನ್ನು ಅವಳು ಅಂಗಳದ ದಾಸವಾಳದ ಬುಡಕ್ಕೆ ಸುರಿಯಲು ಹೊರಟಿದ್ದು ಕಂಡಿತು.

"ಗಿಡದ ಬುಡಕ್ಕೆ ಬೇಡ!" ಎಂದು ನಾನು ಕೂಗಿದ ಕೂಗಿಗೆ ಆಗಷ್ಟೇ ಮಲಗಿದ್ದ ಮಗು ಎದ್ದು ಅತ್ತಿತು. ಸೊಸೆ ನನ್ನನ್ನು ವಯಸ್ಸಾದವರನ್ನು ನೋಡುವ ಹಾಗೆ ನೋಡಿದಳು. ಚಾಮರಾಜನಗರದ ನಮ್ಮ ಬೀದಿಗೆ ಜಿಂಕೆ ಬರುವುದಿಲ್ಲವೆಂದು ನನಗೂ ಗೊತ್ತು. ಆದರೆ ಗಿಡ, ಉಪ್ಪು, ಘಾಟು ಈ ಮೂರೂ ಒಟ್ಟಿಗೆ ಸೇರಿದರೆ ನಾನು ಬೇರೊಂದು ಊರಿನಲ್ಲಿರುತ್ತೇನೆ.

ಆ ಊರು ಗುಂಡ್ಲುಪೇಟೆಯಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿನವರು ಬಸ್ಸು ಹತ್ತಿ ಬಂದು ನಾನು ಬರೆದದ್ದನ್ನು ತಿದ್ದುತ್ತಾರೆ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಅಲ್ಲಿನ ಪಶು ಆಸ್ಪತ್ರೆಗೆ ನನ್ನನ್ನು ಕಾಂಪೌಂಡರ್ ಆಗಿ ಹಾಕಿದ್ದರು. ಹೆಂಡತಿ ಮಕ್ಕಳು ಹರದನಹಳ್ಳಿಯಲ್ಲಿ, ನಾನು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ. ನಿಜವಾದ ಡಾಕ್ಟರು ಗುಂಡ್ಲುಪೇಟೆಯಿಂದ ವಾರಕ್ಕೆರಡು ದಿನ ಬರುತ್ತಿದ್ದರು. ಉಳಿದ ಐದು ದಿನ ಊರಿನವರು ನನ್ನನ್ನೇ ಡಾಕ್ಟರು ಎಂದು ಕರೆಯುತ್ತಿದ್ದರು. ನಾನು ಮೊದಲ ವಾರ ತಿದ್ದಿದೆ. ಎರಡನೇ ವಾರದಿಂದ ಸುಮ್ಮನಾದೆ.

ಆಸ್ಪತ್ರೆಯ ಎದುರಿಗೆ, ರಸ್ತೆಯ ಆಚೆ, ಅರಳಿಕಟ್ಟೆ. ನಾನು ಅಲ್ಲಿಗೆ ಹೋದ ವರ್ಷವೇ ಯುಗಾದಿ ಕಳೆದು ಬಂದ ಗಾಳಿಮಳೆಗೆ ಕಟ್ಟೆಯ ಮೇಲಿದ್ದ ಅರಳಿಯೂ ಬೇವೂ ಒಟ್ಟಿಗೆ ಉರುಳಿಬಿದ್ದವು. ಗಂಡ ಹೆಂಡತಿ ಕೈಕೈ ಹಿಡಿದು ಹೋದರು ಎಂದು ಊರು ಮೂರು ದಿನ ಸೂತಕದಂತೆ ಕೂತಿತ್ತು. ನಮ್ಮ ಕಡೆ ಅರಳಿ ಗಂಡು, ಬೇವು ಹೆಣ್ಣು. ಒಂದೇ ಕಟ್ಟೆಯಲ್ಲಿ ಎರಡನ್ನೂ ನೆಡುತ್ತಾರೆ. ಅರಳಿಗೆ ಎಂಟು ವರ್ಷ ತುಂಬಿದ ಮೇಲೆ ಜನಿವಾರ ಹಾಕಿ, ಬೇವಿಗೆ ತಾಳಿ ಕಟ್ಟಿಸಿ, ಊರಿಗೆಲ್ಲ ಊಟ ಹಾಕುತ್ತಾರೆ. ಅಲ್ಲಿಯತನಕ ಅವು ನೆಟ್ಟ ಗಿಡಗಳಷ್ಟೇ. ಮದುವೆಯಾದ ಮೇಲೆ ದೇವರು.

ಬಿದ್ದ ಅರಳಿಯನ್ನು ನೆಟ್ಟವರು ಪುಟ್ಟತಾಯಮ್ಮನ ಮಾವ. ಅಂದಿನಿಂದ ಕಟ್ಟೆಗೆ ನೀರು ಹುಯ್ಯುವ ಹಿತ್ತಾಳೆ ಕೊಡ ಅವರ ಮನೆಯಲ್ಲೇ ಇರುವುದು ಪದ್ಧತಿ; ಹುಯ್ಯುವುದು ಆ ಮನೆಯ ಸೊಸೆ. ಪುಟ್ಟತಾಯಮ್ಮ ಸೊಸೆಯಾಗಿ ಬಂದ ಮಾರನೆಯ ಬೆಳಿಗ್ಗೆ ಆ ಕೊಡ ಹಿಡಿದವಳು. ನಾನು ಕಂಡಾಗ ಐವತ್ತು ದಾಟಿದ್ದಳು. ತೆಳ್ಳಗೆ, ನೆಟ್ಟಗೆ, ಮಾತು ಮಾತ್ರ ಸ್ವಲ್ಪ ಕಾರ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಆದರೂ ಕೊಡ ಬಿಟ್ಟಿರಲಿಲ್ಲ. ಹಳೆಯ ಮರಕ್ಕೆ ಯಾರು ನೀರು ಹುಯ್ದರೇನು, ಅದಕ್ಕೆ ಬೇರಿದೆ ಎಂದು ಊರೂ ಸುಮ್ಮನಿತ್ತು. ಹೊಸ ಗಿಡ ನೆಟ್ಟಾಗ ಮಾತ್ರ ಬಾಯಿಗಳು ತೆರೆದವು.

ಜ್ಯೇಷ್ಠದಲ್ಲಿ ಒಳ್ಳೆಯ ದಿನ ನೋಡಿ ಜೋಡಿ ಸಸಿ ನೆಟ್ಟರು. ಒಂಬತ್ತನೆಯ ದಿನ ಬೆಳಿಗ್ಗೆ ನೋಡಿದರೆ ಬೇವು ಹಾಗೇ ಇತ್ತು, ಅರಳಿ ಇರಲಿಲ್ಲ. ನೆಲದಿಂದ ಗೇಣುದ್ದ ಕಡ್ಡಿಯೊಂದು ಉಳಿದಿತ್ತು. ಮದುಮಗಳು ಕ್ಷೇಮ, ಮದುಮಗ ನಾಪತ್ತೆ.

ಊರ ಯಜಮಾನರು ಮಾದೇವಪ್ಪ. ನ್ಯಾಯವಂತರು, ಆದರೆ ಅವಸರದ ನ್ಯಾಯ. "ದೃಷ್ಟಿ ಕಣ್ರಪ್ಪ. ರಸ್ತೆ ಬದಿ ಗಿಡ, ದಿನಾ ಎಷ್ಟು ಬಸ್ಸು, ಬಸ್ಸಲ್ಲಿ ಎಷ್ಟು ಕಣ್ಣು. ತಡಕಂಡದಾ ಎಳೇ ಗಿಡ?" ಎಂದು ತೀರ್ಪು ಕೊಟ್ಟರು. ಎರಡನೇ ಅರಳಿ ಸಸಿ ನೆಟ್ಟ ದಿನದಿಂದ ಪ್ರತಿ ಮಂಗಳವಾರ ಮುಸ್ಸಂಜೆ ಒಂದೊಂದು ಮನೆಯವರು ಸರದಿಯ ಮೇಲೆ ಬಂದು ದೃಷ್ಟಿ ತೆಗೆಯಬೇಕೆಂದು ನಿಗದಿಯಾಯಿತು. ಮನುಷ್ಯರಿಗಾದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕುತ್ತಾರೆ. ಗಿಡದ ಪಕ್ಕ ಬೆಂಕಿ ಮಾಡುವುದು ಹೇಗೆ? ಅರಳಿ ಬೇರೆ, ಪಾಪ ಬರುತ್ತದೆ. ಆದ್ದರಿಂದ ಮೆಣಸಿನಕಾಯಿಯನ್ನು ಮನೆಯ ಒಲೆಗೂ ಉಪ್ಪನ್ನು ಗಿಡದ ಬುಡಕ್ಕೂ ಹಂಚಿದರು. ಒಬ್ಬೊಬ್ಬರದು ಒಂದೊಂದು ಹಿಡಿ. ಯಜಮಾನರ ಹೆಂಡತಿ ಗೌರಮ್ಮನವರದು ಎರಡು ಹಿಡಿ, ಅಂತಸ್ತಿಗೆ ತಕ್ಕಂತೆ.

ಆ ಗಿಡ ಆರೇ ದಿನಕ್ಕೆ ಹೋಯಿತು.

ಈ ಸಲ ನನ್ನನ್ನು ಕರೆಸಿದರು. ದನ ಬಲ್ಲವನು ಗಿಡ ಬಲ್ಲನೆಂದು ಯಾರ ಲೆಕ್ಕವೋ ತಿಳಿಯದು. ನಾನೂ ಬಿಗುಮಾನದಿಂದ ಕನ್ನಡಕ ಹಾಕಿಕೊಂಡು, ಮಂಡಿಯೂರಿ, ಶವಪರೀಕ್ಷೆಗೆ ಕೂತವನಂತೆ ಕಡ್ಡಿಯನ್ನು ನೋಡಿದೆ. ತುದಿ ಕತ್ತರಿಸಿದಂತಿರಲಿಲ್ಲ, ಜಗ್ಗಿ ಹರಿದಂತೆ ನಾರುನಾರಾಗಿತ್ತು. ಮೊಲ ತಿಂದರೆ ಚಾಕುವಿನಲ್ಲಿ ಕೊಯ್ದ ಹಾಗೆ ಇರುತ್ತದೆ. ಹೀಗೆ ಹರಿಯುವುದು ಮೆಲುಕು ಹಾಕುವ ಪ್ರಾಣಿ. ಅದಕ್ಕೆ ಮೇಲ್ಗಡೆ ಮುಂದಿನ ಹಲ್ಲಿರುವುದಿಲ್ಲ, ಕಚ್ಚಿ ಎಳೆಯಲೇಬೇಕು. ಇಷ್ಟನ್ನು ಹೇಳಿ ನಾನು ಎದ್ದು ನಿಂತಾಗ ಸಭೆ ತಲೆದೂಗಿತು. ಅಲ್ಲಿಗೆ ನಿಲ್ಲಿಸಿದ್ದರೆ ನನ್ನ ಕೀರ್ತಿ ಉಳಿಯುತ್ತಿತ್ತು. "ಇದು ಆಡಿನ ಕೆಲಸ" ಎಂದುಬಿಟ್ಟೆ.

ಊರಲ್ಲಿ ಆಡುಗಳಿದ್ದದ್ದು ನಂಜನ ಬಳಿ ಮಾತ್ರ. ಅವನು ಗುಂಪಿನ ಹಿಂದೆಯೇ ನಿಂತಿದ್ದ.

"ಏನಂದ್ರಿ ಡಾಕ್ಟ್ರೇ? ನನ್ ಆಡ್ಗೋಳು ನಾಕ್ ದಿನದಿಂದ ಕುದೇರಲ್ಲಿ ನನ್ ಬಾಮೈದನ ಅಟ್ಟೀಲಿ ಅವೆ. ಅಲ್ಲಿಂದ ರಾತ್ರೋರಾತ್ರಿ ಬಸ್ ಹತ್ಕಂಡು ಬಂದು ನಿಮ್ ಅರಳಿ ಮೇದು ವಾಪಸ್ ಓದ್ವಾ?"

"ಹಾಗಾದರೆ ಜಿಂಕೆ ಇರಬಹುದು" ಎಂದೆ, ದನಿ ತಗ್ಗಿಸಿ.

"ಜಿಂಕೆಯಾ!" ಮಾದೇವಪ್ಪ ನಕ್ಕರು. "ಕೆರೆ ಏರಿ ದಾಟಿ ಇತ್ಲಾಗ್ ಯಾವ್ ಜಿಂಕೆ ಬಂದಿರಾದ ಕಂಡಿದ್ದೀರಿ? ಬಸ್ಸು ಲಾರಿ ಓಡಾಡೊ ಜಾಗ. ದೀಪ ಬೇರೆ ಉರೀತದೆ."

ಸಭೆಗೆ ಆಡೂ ಇಲ್ಲ, ಜಿಂಕೆಯೂ ಇಲ್ಲ ಎಂದಾಯಿತು. ಉಳಿದದ್ದು ನೀರು ಹುಯ್ದ ಕೈ. ಎಲ್ಲರೂ ಒಂದು ದಿಕ್ಕಿಗೆ ನೋಡಿದರು. ಪುಟ್ಟತಾಯಮ್ಮ ಕೊಡವನ್ನು ಸೊಂಟದಿಂದ ಕೆಳಗಿಟ್ಟಳು.

"ಒಂದೇ ಕೊಡದ ನೀರು ಎರಡಕ್ಕೂ ಉಯ್ದೆ. ಬೇವು ಬದ್ಕದೆ, ಅರಳಿ ಓಗದೆ. ನನ್ ಕೈ ಗಂಡ್ಯಾವ್ದು ಎಣ್ಣ್ಯಾವ್ದು ಅಂತ ಆರಿಸ್ಕಂಡು ಕೊಂದದಾ ಬಾವ?"

ಒಳ್ಳೆಯ ವಾದ. ವಕೀಲರೂ ಇಷ್ಟು ಚೆನ್ನಾಗಿ ಹಾಕುವುದಿಲ್ಲ. ಆದರೆ ಹೆಂಗಸರ ಗುಂಪಿನಿಂದ ಒಂದು ದನಿ, ಯಾರದೆಂದು ಇವತ್ತಿಗೂ ಗೊತ್ತಿಲ್ಲ, ಮೆಲ್ಲಗೆ ಹೇಳಿತು: "ಅದೇ ಕಣಕ್ಕ. ಗಂಡೇ ಓಗದೆ."

ನಾನು ಕನ್ನಡಕ ತೆಗೆದು ಒರೆಸಿದೆ, ಒರೆಸುವ ಅಗತ್ಯವಿಲ್ಲದಿದ್ದರೂ. ಮಾದೇವಪ್ಪ ನೆಲ ನೋಡುತ್ತ ಹೇಳಿದರು: "ಇನ್ನೊಂದ್ ದಪ ನೆಡನ. ನೀನೇ ನೀರ್ ಉಯ್ಯವ್ವ. ಇದೂ ಓದ್ರೆ ಕೊಡ ಬ್ಯಾರೆ ಮನೆಗೆ ಕೊಡ್ಬೇಕಾಯ್ತದೆ. ನಾನ್ ಏಳದಲ್ಲ, ಊರ್ ಏಳ್ತದೆ."

ಆಕೆ ಕೊಡ ಎತ್ತಿಕೊಂಡು ಹೋದಳು. ಮೂವತ್ತು ವರ್ಷ ಹೊತ್ತ ಕೊಡವನ್ನು ಕಿತ್ತುಕೊಂಡು ಪಕ್ಕದ ಮನೆಗೆ ಕೊಡುವುದೆಂದರೆ, ಆಮೇಲೆ ಅವಳು ಆ ಬೀದಿಯಲ್ಲಿ ಯಾರ ಮನೆಯ ಬಾಣಂತಿಯನ್ನು ನೋಡಲು ಹೋದರೂ ಬಾಗಿಲು ಅರ್ಧ ತೆರೆಯುತ್ತದೆ. ಇದು ಎಲ್ಲರಿಗೂ ಗೊತ್ತಿತ್ತು. ಹಲ್ಲಿನ ಪಾಠ ಹೇಳಿ ಈ ಸ್ಥಿತಿ ತಂದವನು ನಾನು. ಆಡು ಎನ್ನದೆ ಇದ್ದಿದ್ದರೆ ಸಭೆ ಅಷ್ಟು ಬೇಗ ಆಕೆಯ ಕೈಗೆ ಬಂದು ನಿಲ್ಲುತ್ತಿರಲಿಲ್ಲವೇನೋ.

ಮೂರನೇ ಸಸಿಯನ್ನು ಪುಟ್ಟತಾಯಮ್ಮನೇ ತಂದಳು. ಅವರ ಹಿತ್ತಲ ಬಾವಿಯ ಕಲ್ಲುಸಂದಿಯಲ್ಲಿ ಮೊಳೆತದ್ದು. ಹಕ್ಕಿ ತಂದು ಹಾಕಿದ ಬೀಜ. ಮಾವ ನೆಟ್ಟ ಮರದ್ದೇ ಇರಬೇಕು ಎಂದು ಆಕೆಯ ನಂಬಿಕೆ. ಎದೆಮಟ್ಟ ಇತ್ತು, ಹದಿನೇಳು ಎಲೆ. ನಾನು ಎಣಿಸಿದ್ದೆ. ದಿನಾ ಬೆಳಿಗ್ಗೆ ಹಲ್ಲುಜ್ಜುವುದಕ್ಕೆ ಮುಂಚೆ ಎಣಿಸುತ್ತಿದ್ದೆ. ಸರ್ಕಾರಕ್ಕೆ ಕೊಡುವ ಜಾನುವಾರು ಗಣತಿಯನ್ನೂ ನಾನು ಅಷ್ಟು ನಿಷ್ಠೆಯಿಂದ ಮಾಡಿದವನಲ್ಲ.

ಪ್ರಾಯಶ್ಚಿತ್ತಕ್ಕೆಂದು ಒಂದು ಬೇಲಿಯನ್ನೂ ಮಾಡಿಕೊಟ್ಟೆ. ದನಗಳ ಮೇವಿಗೆ ಬೆರೆಸಲು ಆಸ್ಪತ್ರೆಗೆ ಬರುವ ಖನಿಜ ಮಿಶ್ರಣದ ಖಾಲಿ ಚೀಲಗಳು ಹಿಂದಿನ ಕೋಣೆಯಲ್ಲಿ ರಾಶಿ ಬಿದ್ದಿದ್ದವು. ನಾಲ್ಕು ಗೂಟ ನೆಟ್ಟು, ಚೀಲ ಬಿಚ್ಚಿ ಸುತ್ತ ಕಟ್ಟಿದೆ. ಗಾಳಿಗೂ ದೃಷ್ಟಿಗೂ ಮರೆ. ಊರು ಮೆಚ್ಚಿತು. "ಡಾಕ್ಟ್ರು ತಲೆ ನೋಡ್ಲಾ" ಎಂದು ನಂಜ ಕೂಡ ಸಿಟ್ಟು ಮರೆತು ಹೇಳಿದ. ಮಂಗಳವಾರದ ಉಪ್ಪೂ ತಪ್ಪಲಿಲ್ಲ. ಎರಡು ಗಿಡ ಹೋದ ಭಯಕ್ಕೆ ಈಗ ಶುಕ್ರವಾರವೂ ಸೇರಿತ್ತು.

ಆ ವರ್ಷ ಮಳೆ ಹಿಂದು ಮುಂದಾಗಿತ್ತು. ಎರಡು ವರ್ಷ ಕಾಡು ಒಣಗಿ, ಶ್ರಾವಣದಲ್ಲಿ ಬರಬೇಕಾದ್ದು ಭಾದ್ರಪದದಲ್ಲಿ ತುಂತುರಾಗಿ ಬರುತ್ತಿತ್ತು. ಬೆಳಗಿನ ಹೊತ್ತು ಬೆಟ್ಟದಿಂದ ಇಳಿದ ಮಂಜು ರಸ್ತೆಯ ಮೇಲೆ ಮಲಗಿರುತ್ತಿತ್ತು. ಅಂಥ ಒಂದು ಬುಧವಾರ, ಆಗಷ್ಟೇ ಬೆಳಕು ಹರಿಯುವಾಗ, ಮಾದೇವಪ್ಪ ಬಂದು ಬಾಗಿಲು ಬಡಿದರು.

"ಡಾಕ್ಟ್ರೇ, ಬಿರ್ರನೆ ಬನ್ನಿ. ಅಸ ನೋಯ್ತಾ ಕುಂತದೆ, ಕರ ಅಡ್ಡ ಬಿದ್ದಂಗದೆ."

ನಾನು ಬಕೆಟ್ಟು, ಸೋಪು, ಹಗ್ಗ ಹಿಡಿದು ಹೊರಬಂದೆ. ಮೆಟ್ಟಿಲಿಳಿದವನು ಅಲ್ಲೇ ನಿಂತೆ. ಮಾದೇವಪ್ಪ ನನ್ನ ಬೆನ್ನಿಗೆ ಡಿಕ್ಕಿ ಹೊಡೆದು ನಿಂತರು.

ಕಟ್ಟೆಯ ಹತ್ತಿರ ಮೂರು ಜಿಂಕೆ. ಒಂದು ಕೊಂಬಿನದು, ಎರಡು ಹೆಣ್ಣು. ಇಡೀ ರಸ್ತೆ ತಮ್ಮ ಹೆಸರಿಗೆ ಪಹಣಿಯಾಗಿದೆ ಎನ್ನುವ ಧಾಟಿಯಲ್ಲಿ ನಿಂತಿದ್ದವು. ಕೊಂಬಿನದೂ ಒಂದು ಹೆಣ್ಣೂ ಕತ್ತು ಚಾಚಿ ಗಿಡದ ಬುಡದ ಮಣ್ಣನ್ನು ನೆಕ್ಕುತ್ತಿದ್ದವು. ಇನ್ನೊಂದು ಹೆಣ್ಣು ನನ್ನ ಚೀಲವನ್ನು ಒಳಗಿನಿಂದ ಹೊರಗೆ, ಮೇಲಿನಿಂದ ಕೆಳಕ್ಕೆ, ಶ್ರದ್ಧೆಯಿಂದ ನೆಕ್ಕುತ್ತಿತ್ತು. ಒಂದು ಗೂಟ ಆಗಲೇ ಬಾಗಿತ್ತು.

"ಏನ್ ಮಾಡ್ತಾವೆ ಅವು?" ಮಾದೇವಪ್ಪ ಪಿಸುಗುಟ್ಟಿದರು.

"ಉಪ್ಪು ನೆಕ್ಕುತ್ತಾ ಇವೆ, ಯಜಮಾನರೇ."

"ಯಾವ್ ಉಪ್ಪು?"

"ನಿನ್ನೆ ಮಂಗಳವಾರ."

ಮಾದೇವಪ್ಪ ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು. ಆಮೇಲೆ ಬಹಳ ಸಣ್ಣ ದನಿಯಲ್ಲಿ: "ನಿನ್ನೆ ನಮ್ಮನೆ ಸರದಿ."

"ಹೌದು. ಎರಡು ಹಿಡಿ."

ಕಾಡಿನಲ್ಲಿ ಹುಲ್ಲಿಲ್ಲದಿದ್ದರೂ ಜಿಂಕೆ ಹೇಗೋ ಬದುಕುತ್ತದೆ. ಉಪ್ಪಿನ ವಾಸನೆ ಸಿಕ್ಕರೆ ಮಾತ್ರ ಬಸ್ಸು, ದೀಪ, ಮನುಷ್ಯ ಯಾವುದನ್ನೂ ಲೆಕ್ಕಿಸುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಪಾಪ ಬರುತ್ತದೆ. ಹಸುಗಳಿಗೆ ಉಪ್ಪಿನಚ್ಚು ನೆಕ್ಕಿಸಿ ಎಂದು ಮನೆಮನೆಗೆ ಹೇಳಿ ಸಂಬಳ ಪಡೆಯುತ್ತಿದ್ದವನು ನಾನು. ಮೊದಲನೆಯ ಗಿಡವನ್ನು ಅವು ದಾರಿತಪ್ಪಿ ಬಂದು ತಿಂದಿರಬಹುದು. ಎರಡನೆಯದಕ್ಕೆ ಊರೇ ಕರೆಯೋಲೆ ಕಳಿಸಿತ್ತು. ಮೂರನೆಯದಕ್ಕೆ ನಾನು ಉಪ್ಪು ಮೆತ್ತಿದ ಚೀಲಗಳ ಚಪ್ಪರ ಹಾಕಿಸಿದ್ದೆ. ನಮ್ಮಲ್ಲಿ ಊಟಕ್ಕೆ ಕೂತವರಿಗೆ ಎಲೆಯ ತುದಿಗೆ ಮೊದಲು ಉಪ್ಪು ಬಡಿಸುತ್ತಾರೆ. ಆ ಮರ್ಯಾದೆಯನ್ನೂ ತಪ್ಪಿಸಿರಲಿಲ್ಲ.

ಅಷ್ಟರಲ್ಲಿ ಕೊಂಬಿನ ಜಿಂಕೆ ಉಪ್ಪು ಮುಗಿಸಿ ತಲೆಯೆತ್ತಿ ಎಲೆಯ ಕಡೆ ನೋಡಿತು.

ಯಜಮಾನರು ಆ ವಯಸ್ಸಿನಲ್ಲಿ ಓಡುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಹೆಗಲ ಟವೆಲ್ಲನ್ನು ತಲೆಯ ಮೇಲೆ ಬೀಸುತ್ತ, "ಬುಡ್ರಲೇ! ಬುಡ್ರಲೇ ನನ್ ಗಿಡವ!" ಎಂದು ಕೂಗುತ್ತ ಒಂದು ಚಪ್ಪಲಿ ರಸ್ತೆಯ ಈಚೆ, ಒಂದು ಆಚೆ ಬಿಟ್ಟು ನುಗ್ಗಿದರು. ನಾನು ಬಕೆಟ್ಟನ್ನು ಬಡಿಯುತ್ತ ಹಿಂದೆ. ಜಿಂಕೆಗಳು ಮೂರು ನೆಗೆತಕ್ಕೆ ಮಂಜಿನೊಳಗೆ ಹೋದವು. ಸದ್ದಿಗೆ ಬೀದಿ ಎದ್ದಿತು. ಪುಟ್ಟತಾಯಮ್ಮ ಎಲ್ಲರಿಗಿಂತ ಮೊದಲು ಬಂದಳು. ಆಕೆಗೆ ಆ ದಿನಗಳಲ್ಲಿ ನಿದ್ದೆ ಇರಲಿಲ್ಲವೆಂದು ಕಾಣುತ್ತದೆ. ಬಂದವಳು ಯಾರನ್ನೂ ಕೇಳದೆ ಗಿಡದ ಹತ್ತಿರ ಕುಕ್ಕರಿಸಿದಳು. ನಾನೂ ಕೂತೆ. ಒಂದೊಂದಾಗಿ ಎಣಿಸಿದೆ. ಹದಿನೈದು. ಎರಡು ಹೋಗಿದ್ದವು, ಸುಳಿ ಉಳಿದಿತ್ತು.

"ಅದೆ" ಎಂದೆ.

"ಅದೆ" ಎಂದಳು ಅವಳೂ. ಅವಳ ಉಸಿರು ಹೊರಬಿದ್ದದ್ದು ನನಗೆ ಕೇಳಿಸಿತು. ಬೆಳಗಾದದ್ದು ಆಗ.

ಮಣ್ಣಿನ ಮೇಲೆ ಗೊರಸಿನ ಗುರುತು, ಕಟ್ಟೆಯ ಪಕ್ಕ ಹಿಕ್ಕೆ, ನೆಕ್ಕಿ ನೆಕ್ಕಿ ಬುಡದ ಸುತ್ತ ಬಟ್ಟಲಿನಂತಾದ ಹಳ್ಳ. ಸಾಕ್ಷಿಗಳು ಸಾಲಾಗಿ ನಿಂತಿದ್ದರೂ ಯಾರೂ ಅಷ್ಟು ದಿನ ನೆಲ ನೋಡಿರಲಿಲ್ಲ. ನಾನು ಎಲೆ ನೋಡುತ್ತಿದ್ದೆ, ಉಳಿದವರೆಲ್ಲ ಆಕೆಯ ಕೈ ನೋಡುತ್ತಿದ್ದರು. ಮಾದೇವಪ್ಪ ಸೇರಿದವರ ಎದುರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಕ್ಷಮಾಪಣೆ ಎಂಬ ಮಾತು ನಮ್ಮ ಕಡೆ ಬಾಯಿಗೆ ಬರುವುದಿಲ್ಲ, ಸುತ್ತಿಕೊಂಡು ಬರುತ್ತದೆ.

"ಪುಟ್ತಾಯವ್ವ, ಕೊಡ ಎಲ್ಲದೋ ಅಲ್ಲೇ ಇರ್ಲಿ. ತಪ್ಪು ನಿನ್ ಕೈದಲ್ಲ. ನಮ್ದು."

ಆಕೆ ಎದ್ದು ಸೆರಗು ಕೊಡವಿದಳು. "ನಂಗೆಂಗ್ ಗೊತ್ತಾದದು ಬಾವ, ನಿಮ್ಮನೆ ಉಪ್ಪು ಅಷ್ಟು ರುಚಿಯಾಗದೆ ಅಂತ."

ಮೊದಲು ನಕ್ಕವರು ಗೌರಮ್ಮ. ಆಮೇಲೆ ಬೀದಿ. ಆ ನಗುವಿನ ನಡುವೆ ಮಾದೇವಪ್ಪನವರಿಗೆ ಹಸುವಿನ ನೆನಪಾಯಿತು. ಓಡಿ ಹೋಗಿ ನೋಡಿದರೆ ಅದು ನಮಗಾಗಿ ಕಾಯದೆ ತಾನೇ ಹೆತ್ತು ಕರುವನ್ನು ನೆಕ್ಕುತ್ತ ನಿಂತಿತ್ತು. ಆ ಬೆಳಿಗ್ಗೆ ಇಡೀ ಊರಿನಲ್ಲಿ ನೆಕ್ಕುವುದೇ ಕಸುಬಾಗಿತ್ತು.

ಮುಂದಿನ ಕೆಲಸ ಬೇಗ ನಡೆಯಿತು. ಬುಡದ ಉಪ್ಪುಮಣ್ಣನ್ನು ಮೊಳ ಆಳ ಕೆರೆದು ತೆಗೆದು ಆ ಜಾಗಕ್ಕೆ ಕೆರೆಯ ಗೋಡುಮಣ್ಣು ತುಂಬಿದರು. ಚೀಲಗಳನ್ನು ನಾನೇ ಬಿಚ್ಚಿ ಯಾರೂ ನೋಡದ ಹೊತ್ತಿನಲ್ಲಿ ತೊಳೆದೆ. ಬರಿಯ ಬಿದಿರಿನ ಬೇಲಿ ಸಾಲದೆಂದು ನಾನು ಎಚ್ಚರಿಸಿದೆ. ಗಂಡು ಜಿಂಕೆಗೆ ಕೊಂಬು ಬಲಿಯುವಾಗ ತುರಿಕೆ. ಎಳೆಯ ಕಾಂಡಕ್ಕೆ ಉಜ್ಜಿ ಸಿಪ್ಪೆ ಸುಲಿದುಬಿಟ್ಟರೆ ಎಲೆ ಉಳಿದೂ ಗಿಡ ಸಾಯುತ್ತದೆ. ಆಸ್ಪತ್ರೆಯ ಹಿಂದೆ ದನವನ್ನು ಅಲುಗದಂತೆ ನಿಲ್ಲಿಸಿ ಸೂಜಿ ಹಾಕುವ ಹಳೆಯ ಕಬ್ಬಿಣದ ಚೌಕಟ್ಟೊಂದು ಬಿದ್ದಿತ್ತು. ಹೊಸದು ಬಂದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಆರು ಜನ ಹೊತ್ತು ತಂದು ಅರಳಿಯ ಸುತ್ತ ನಿಲ್ಲಿಸಿದರು. ಅದರ ಸಂದುಗಳಿಗೆ ನಂಜ ಲಂಟಾನ ಪೊದೆಯ ಹಸಿ ಕಡ್ಡಿ ಕೊಯ್ದು ತಂದು ಬುಟ್ಟಿಯಂತೆ ಹೆಣೆದ, ಆಳೆತ್ತರ. ಹೆಣೆಯುವಾಗ ನನಗೆ ಕೇಳುವಂತೆ ಹೇಳಿದ: "ಆಡಿಗೂ ಆಗ್ತದೆ, ಜಿಂಕೆಗೂ ಆಗ್ತದೆ. ಯಾರ್ ಮೇಲೂ ಅನ್ಮಾನ ಬ್ಯಾಡ."

ಡಾಕ್ಟರು ಗುರುವಾರ ಬಂದು ನೋಡಿದರು. "ಸರ್ಕಾರಿ ಸಾಮಾನು ರಸ್ತೆಯ ಆಚೆ ಏಕಿದೆ?" ಎಂದು ಕೇಳಿದರು. ನಾನು ರಿಜಿಸ್ಟರು ತೆರೆದು ತೋರಿಸಿದೆ: ರೋಗಿ: ಅರಳಿ; ಲಿಂಗ: ಗಂಡು; ವಯಸ್ಸು: ಒಂದು ವರ್ಷವಿರಬಹುದು; ಕಾಯಿಲೆ: ಜಿಂಕೆ ಕಡಿತ; ಚಿಕಿತ್ಸೆ: ಕಟ್ಟಿಹಾಕಿ ಉಪಚಾರ. ಅವರು ಬಹಳ ಹೊತ್ತು ಓದಿದರು. ಸಹಿ ಹಾಕುವ ಮುನ್ನ ಒಂದೇ ಒಂದು ತಿದ್ದುಪಡಿ ಮಾಡಿದರು: ರೋಗಿ ಎಂದಿದ್ದಲ್ಲಿ ಒಳರೋಗಿ.

ಜಿಂಕೆಗಳು ಆಮೇಲೂ ಎರಡು ಸಲ ಬಂದವು. ಬೇಲಿ ಮೂಸಿ, ಉಪ್ಪಿಲ್ಲದ ಮದುವೆಮನೆಯೆಂದು ತಿಳಿದು, ಏರಿ ದಾಟಿ ಹೋದವು. ಮಾಘದಲ್ಲಿ ಅರಳಿ ಹಳೆಯ ಎಲೆ ಉದುರಿಸಿದಾಗ ಊರಿಗೆ ಮತ್ತೆ ಗಾಬರಿಯಾಯಿತು. ಶಿವರಾತ್ರಿ ಕಳೆದು ತಾಮ್ರದ ಬಣ್ಣದ ಚಿಗುರು ಬೇಲಿಯ ಮೇಲಿನಿಂದ ಇಣುಕಿದ ದಿನ ನಾನು ಎಣಿಸುವುದನ್ನು ಬಿಟ್ಟೆ. ಪುಟ್ಟತಾಯಮ್ಮ ದಿನದ ಕೊಡ ಹೊತ್ತು ಬಂದು, ಬೇಲಿಯ ಸಂದಿನಿಂದ ಕೈ ತೂರಿಸಿ ನೀರು ಹುಯ್ದು, ಬೇವಿಗೂ ಹುಯ್ದು ಹೋಗುತ್ತಿದ್ದಳು. ಮಾದೇವಪ್ಪನವರ ಸೊಸೆ ಹೆತ್ತಾಗ ಬಾಣಂತಿಯ ಕೋಣೆಗೆ ಮೊದಲು ಕರೆದದ್ದು ಆಕೆಯನ್ನೇ. ಆ ವರ್ಷದ ಕೊನೆಗೆ ನನ್ನನ್ನು ಬೇರೆಡೆಗೆ ವರ್ಗ ಮಾಡಿದರು. ಒಳರೋಗಿಯನ್ನು ಬಿಡುಗಡೆ ಮಾಡದೆಯೇ ಹೊರಟೆ.

ಎಂಟು ವರ್ಷ ತುಂಬಿದ ಮೇಲೆ ಮದುವೆಗೆ ಕರೆ ಬಂತು, ಅಚ್ಚಾದ ಲಗ್ನಪತ್ರಿಕೆಯೇ. ಹೋದೆ. ಕಬ್ಬಿಣದ ಚೌಕಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ವರ ಎರಡಾಳೆತ್ತರ, ಜನಿವಾರ ಹಾಕಿಕೊಂಡು, ಪಂಚೆ ಸುತ್ತಿಕೊಂಡು ನಿಂತಿದ್ದ. ವಧುವಿಗೆ ಹಸಿರು ಸೀರೆ, ಬಳೆ. ಹೆಣ್ಣಿನ ಕಡೆಗೆ ಮಾದೇವಪ್ಪ, ಗೌರಮ್ಮ ದಂಪತಿ. ಗಂಡಿನ ಕಡೆಗೆ ತಾಯಿ ಯಾರೆಂಬ ಪ್ರಶ್ನೆ ಬಂದಾಗ ಪುರೋಹಿತರು ಮುತ್ತೈದೆಯೊಬ್ಬರು ಬರಲಿ ಎಂದರು. ಮಾದೇವಪ್ಪನವರಿಗೆ ಕಿವಿ ಸ್ವಲ್ಪ ಮಂದವಾಗಿತ್ತು, ಕೇಳಿಸಲೇ ಇಲ್ಲ ಎಂಬಂತೆ ತಿರುಗಿ, "ಬಾ ಪುಟ್ತಾಯವ್ವ, ನಿನ್ ಮಗನ್ ಮದ್ವೆ. ದೂರ ನಿಂತ್ಕಂಡ್ರೆ ಎಂಗೆ?" ಎಂದರು. ಧಾರೆಯ ನೀರು ಬಿದ್ದದ್ದು ಅದೇ ಹಿತ್ತಾಳೆ ಕೊಡದಿಂದ.

ಕೊನೆಗೆ ಗೌರಮ್ಮ ಪದ್ಧತಿಯಂತೆ ಉಪ್ಪು ಮೆಣಸಿನಕಾಯಿ ಹಿಡಿದು ಮದುಮಕ್ಕಳಿಗೆ ದೃಷ್ಟಿ ತೆಗೆದರು. ತೆಗೆದು, ಅಭ್ಯಾಸಬಲದಿಂದ ಬುಡದ ಕಡೆಗೆ ಬಗ್ಗಿದರು. ಇಡೀ ಊರು ಒಂದೇ ಉಸಿರಿಗೆ "ಅಯ್ಯೋ ಬ್ಯಾಡ!" ಎಂದಿತು. ಓಲಗದವರು ಬೆದರಿ ನಿಲ್ಲಿಸಿದರು. ಪುಟ್ಟತಾಯಮ್ಮ ಗೌರಮ್ಮನ ಮುಷ್ಟಿ ಬಿಡಿಸಿ, ಉಪ್ಪು ಮೆಣಸಿನಕಾಯಿ ಎರಡನ್ನೂ ತಾನೇ ತೆಗೆದುಕೊಂಡು, ರಸ್ತೆ ದಾಟಿ, ಆಸ್ಪತ್ರೆಯ ಅಂಗಳದಲ್ಲಿ ಹೂಡಿದ್ದ ಅಡುಗೆಯ ಒಲೆಗೆ ಹಾಕಿದಳು. ಉಪ್ಪು ಚಟಪಟ ಎಂದಿತು.

ನಮ್ಮ ಕಡೆ ಒಂದು ನಂಬಿಕೆಯಿದೆ. ದೃಷ್ಟಿ ತಗುಲಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ. ಎಲ್ಲರೂ ಮೂಗು ಮೇಲೆತ್ತಿ ಕಾದೆವು. ಬಂತು. ಅಡುಗೆಯವರು ಕೆಮ್ಮಿದರು, ಪುರೋಹಿತರು ಕೆಮ್ಮಿದರು, ನಾನು ಸೀನಿದೆ, ಮಾದೇವಪ್ಪ ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಂಡರು. ಹೊಗೆಯ ನಡುವೆ ನಿಂತ ಪುಟ್ಟತಾಯಮ್ಮ ಸೆರಗು ಮೂಗಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಊರಿಗೆಲ್ಲ ಕೇಳುವಂತೆ ಹೇಳಿದಳು:

"ಘಾಟು ಬಂತು ಕಣ್ರಪ್ಪ. ದೃಷ್ಟಿ ಇಲ್ಲ. ಊಟಕ್ಕೇಳಿ."